ಅರವತ್ತಡಿ

ವೇಬ್ರಿಡ್ಜಿನ ಚೀಟಿ ಅಂಗಿಜೇಬಿನಲ್ಲಿದೆ.
ಬೆನ್ನ ಮೇಲಿರುವುದು ಒಂದು ಸೇತುವೆ.
ಪೂರ್ತಿಯಲ್ಲ, ಅದರ ಅರ್ಧ ಬೆನ್ನುಹುರಿ:
ಕಾವಿ ಬಣ್ಣ ಬಳಿದ ಗರ್ಡರು,
ಇನ್ನೂ ಯಾವ ನೀರನ್ನೂ ನೋಡದ್ದು.
ಮೂತಿಯಿಂದ ಬಾಲಕ್ಕೆ ಅರವತ್ತಡಿ.
ಬಾಲಕ್ಕೆ ಕಟ್ಟಿದ ಕೆಂಪು ಬಟ್ಟೆ
ದಸ್ತಗೀರನ ಹಳೇ ಟವೆಲ್ಲು.

ಹಾಸನದಿಂದ ಕಡಲ ಕಡೆಗೆ ಇಳಿಯಬೇಕು. ದಾರಿ ಮೂರು.
ಫೋನು ಬಿಸಲೆ ಅನ್ನುತ್ತದೆ, ನೀಲಿ ಗೆರೆ ಎಳೆದು;
ಬೈಕಿನವನಿಗೂ ನನಗೂ ಅದಕ್ಕೆ ಭೇದವಿಲ್ಲ.
ಮಾಲೀಕರು ಚಾರ್ಮಾಡಿ ಅನ್ನುತ್ತಾರೆ.
ಶಿರಾಡಿಯಲ್ಲಿ ರಸ್ತೆ ಅಗೆದಿದ್ದಾರಂತೆ,
ದೊಡ್ಡ ಗಾಡಿ ರಾತ್ರಿ ಮಾತ್ರ ಬಿಡುತ್ತಾರಂತೆ,
ಒಂದು ದಿನದ ಬಾಡಿಗೆ ಯಾರು ಕೊಡ್ತಾರೋ ದ್ಯಾವಪ್ಪ?
ನಾನು ಏನೂ ಅನ್ನಲಿಲ್ಲ.
ಘಾಟಿಗೆ ಮಾಲೀಕರ ನಂಬರು ಗೊತ್ತಿಲ್ಲ.

ಬಾಳ್ಳುಪೇಟೆಯಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು,
ಪಂಚರ್ ಅಂಗಡಿ ಚೆಲುವಯ್ಯನ ಬೈಕು ಕೇಳಿ
ಬೆಳಗ್ಗೆಯೇ ಹೊರಟೆವು: ಮೂಡಿಗೆರೆ, ಕೊಟ್ಟಿಗೆಹಾರ.
ಅಲ್ಲಿ ನೀರುದೋಸೆ ತಿಂದದ್ದನ್ನು
ಮಾಲೀಕರ ಲೆಕ್ಕಕ್ಕೆ ಬರೆಯಲಿಲ್ಲ.
ಚೀಲದಲ್ಲಿ ಟೇಪು, ಸೀಮೆಸುಣ್ಣ,
ಅಳೆದು ಕತ್ತರಿಸಿದ ಅರವತ್ತಡಿ ನೈಲಾನ್ ಹಗ್ಗ.

ತಿರುವಿನಲ್ಲಿ ನಾನು ಎಂಜಿನ್ ಆದೆ,
ದಸ್ತಗೀರ ಕೊನೆಯ ಚಕ್ರವಾದ,
ನಡುವೆ ಹಗ್ಗ ಬಿಗಿಯಾಗಿ.
ಅಗಲಕ್ಕೆ ಬಳಸಿ ನಡೆದೆ, ಭುಜ ಬಂಡೆಗೆ ಉಜ್ಜುವಷ್ಟು.
ಮುಂದಿನ ಗಾಲಿಯ ಜಾಡಿನಲ್ಲಿ ಹಿಂದಿನದು ಬರುವುದಿಲ್ಲ,
ಅದಕ್ಕೆ ಅದರದೇ ಒಳದಾರಿ.
ಮೊದಲ ತಿರುವು ಆಯಿತು.
ಎರಡನೆಯದರಲ್ಲಿ ಒಂದು ಗೇಣು ಉಳಿಯಿತು.
ಕಾರಿನವರು ಹಾರನ್ ಹೊಡೆದು ಕೇಳಿದರು,
ಹಗ್ಗ ಹಿಡ್ಕೊಂಡು ಏನ್ರೀ ಇದು ಆಟ?
ರೈಲಾಟ, ಅಂದ ದಸ್ತಗೀರ.

ಐದನೆಯದರಲ್ಲಿ ಹಗ್ಗ
ತಡೆಗೋಡೆಯ ಮೇಲೆ ಹಾದುಹೋಯಿತು.
ಅವನು ಗೋಡೆಯ ಆಚೆ ನಿಂತಿದ್ದ
ಒಂದು ಕೈಯಲ್ಲಿ ಲಂಟಾನ ಹಿಡಿದು.
ಕೆಳಗೆಲ್ಲೋ ನೀರಿನ ಸದ್ದು.
ಅಣ್ಣ, ನಾನೀಗ ಎಲ್ಲಿದ್ದೀನಿ?
ಗಾಳಿಯಲ್ಲಿ, ಅಂದೆ. ಬಾ ಈಚೆಗೆ.

ಅವನು ಕಾಲು ದಾಟಿಸುವಾಗ ಪಾಚಿ ಕಿತ್ತುಬಂತು.
ಕೆಳಗೆ ಕಲ್ಲಿನ ಮೇಲೆ ಯಾರೋ ಡಾಂಬರಿನಲ್ಲಿ ಬರೆದಿದ್ದರು:
೫೫. ಬೇಡ.
ಹೆಸರಿಲ್ಲ, ತಾರೀಖಿಲ್ಲ.
ಐವತ್ತೈದಡಿ ಎಳೆದುಕೊಂಡು ಇಲ್ಲಿವರೆಗೆ ಬಂದವನು
ಹಿಂದಕ್ಕೆ ಹೇಗೆ ಹೋದ?
ನಾಲ್ಕು ತಿರುವು ರಿವರ್ಸಿನಲ್ಲಿ, ಇಡೀ ರಾತ್ರಿ,
ಕ್ಲೀನರ್ ಟಾರ್ಚು ಬೀಸುತ್ತಾ
ಬರ್ಲಿ, ಬರ್ಲಿ, ಬರ್ಲಿ, ಹೋಲ್ಡ್—
ಅಷ್ಟಾದ ಮೇಲೂ ಬಯ್ಯದೆ ಬರೆದಿದ್ದಾನೆ.
ನಾನಾಗಿದ್ದರೆ ಇಂಜಿನಿಯರನ ಅಪ್ಪನಿಂದ ಶುರುಮಾಡುತ್ತಿದ್ದೆ.

ದಸ್ತಗೀರ ಸೀಮೆಸುಣ್ಣ ತೆಗೆದು ಕೆಳಗೆ ಬರೆದ:
೬೦ ಮೊದಲೇ ಬೇಡ.
ಅಳಿಸಿಹೋಗ್ತದೆ, ಅಂದೆ.
ಇವತ್ತು ಬರೋನಿಗೆ ಸಾಕು, ಅಂದ.

ಮಾಲೀಕರಿಗೆ ಫೋನು ಮಾಡಿ ಶಿರಾಡಿ ಅಂದೆ.
ಅವರು ಬಹಳ ಹೊತ್ತು ಮಾತಾಡಿದರು.
ಸಿಗ್ನಲ್ ಚೆನ್ನಾಗಿಯೇ ಇತ್ತು,
ಆದರೂ ಹಲೋ ಹಲೋ ಅಂದೆ.

ದೋಣಿಗಾಲಿನಲ್ಲಿ ಸರದಿ. ಗೇಟು ಬಿಟ್ಟಾಗ ಎರಡೂವರೆ.
ಹತ್ತುವ ಗೇರಿನಲ್ಲೇ ಇಳಿಯಬೇಕು
ಅಂತ ಕಲಿಸಿದವರು ಹುಸೇನಬ್ಬ.
ಬ್ರೇಕು ಉಪ್ಪಿದ್ದ ಹಾಗೆ ಮಾರಾಯ, ಅನ್ನುತ್ತಿದ್ದರು,
ಚಿಟಿಕೆ ಚಿಟಿಕೆ.
ಎರಡನೇ ಗೇರು. ಎಂಜಿನ್ ನರಳುತ್ತದೆ, ನರಳಲಿ.
ಸೇತುವೆ ಹಿಂದಿನಿಂದ ನನ್ನನ್ನು ನೂಕುತ್ತಿದೆ,
ನೀರು ನೋಡುವ ಅವಸರ ಅದಕ್ಕೆ.
ಕನ್ನಡಿಯ ತುಂಬ ಲಾರಿಗಳ ದೀಪ,
ದಾಟಲು ಯಾರಿಗೂ ಜಾಗವಿಲ್ಲ.
ಇಡೀ ಘಾಟಿ ನನ್ನ ನಡಿಗೆಯಲ್ಲಿ ಇಳಿಯುತ್ತಿದೆ
ಬೈಯುತ್ತಾ.

ಗುಂಡ್ಯದಲ್ಲಿ ಬೆಳಕು ಹರಿದಾಗ
ದಸ್ತಗೀರ ಕೆಳಗೆ ಹಾರಿ, ಬಾಟಲಿಯಿಂದ
ಬ್ರೇಕ್ ಡ್ರಮ್ಮಿಗೆ ನೀರು ಚಿಮುಕಿಸಿದ.
ಚುಯ್ ಅನ್ನಲಿಲ್ಲ. ಹನಿ ಹಾಗೇ ಜಾರಿತು.
ಉಳಿದದ್ದನ್ನು ಗರ್ಡರಿನ ಮೂತಿಗೆ ಎರಚಿ
ತಗೋ, ಅಂದ,
ನೀರು ಅಂದ್ರೆ ಇದು.