ಹಂದಿಗೋಣದಲ್ಲಿ ಆ ಏಪ್ರಿಲ್

ಹೆದ್ದಾರಿ ಬದಿ ಗಳ ಹುಗಿದು ಗೊಂಚಲು ತೂಗಬಿಟ್ಟೆವು,
ಪ್ರತಿ ವರ್ಷದ ಹಾಗೇ, ಅದೇ ಗಳ.
ನಿಲ್ಲುವವರಿಲ್ಲ.
ಆಂಬುಲೆನ್ಸ್ ಒಂದು ಮಣಿಪಾಲದ ಕಡೆ ಹೋಯಿತು,
ಗ್ಯಾಸ್ ಟ್ಯಾಂಕರು ಎರಡು,
ಆಮೇಲೆ ಒಂದು ಉಡ
ಯಾರಪ್ಪನ ಭಯವೂ ಇಲ್ಲದೆ ರಸ್ತೆ ದಾಟಿತು.

ಅತ್ತೆ ಹೆಣೆಯುವುದನ್ನು ನಿಲ್ಲಿಸಲಿಲ್ಲ.
"ಕಿತ್ತ ಮೇಲೆ ಹೆಣೀಲೇಬೇಕು, ಗಿರಾಕಿ ಬರಲಿ ಬಿಡಲಿ,
ಸೊಪ್ಪು ಒಣಗಿದರೆ ಜಡೆ ಮುರೀತದೆ."
ಗೇಣಿ ಗದ್ದೆ, ಹದಿನಾಲ್ಕು ಗುಂಟೆ,
ಬತ್ತ ಕೊಯ್ದ ಮೇಲೆ ನೆಟ್ಟ ಸಸಿ,
ಕೊಡದಲ್ಲಿ ಹೊತ್ತು ಹೊಯ್ದ ನೀರು.
ಲೆಕ್ಕಕ್ಕೆ ಕೂತರೆ ಮಧ್ಯಾಹ್ನವಾಗುತ್ತದೆ, ಬಿಡಿ.

ನನ್ನ ಗಂಡ ಬೀರು ಮಡಗಾಂವಿನಿಂದ ನಡೆದೇ ಬಂದ.
ಮಾಜಾಳಿ ಗೇಟಿನಲ್ಲಿ ಒಂದು ರಾತ್ರಿ ಕೂರಿಸಿ
ಕೈಗೆ ಸಿಕ್ಕೆ ಒತ್ತಿದರಂತೆ, ಸಂತೆ ಹೋರಿಗೆ ಒತ್ತಿದ ಹಾಗೆ.
ಈಗ ಗದ್ದೆ ಪಕ್ಕದ ಶಾಲೆಯಲ್ಲೇ ಹದಿನಾಲ್ಕು ದಿನ,
ಗುಂಟೆಗೊಂದು.
ನಾಲ್ಕನೇ ಇಯತ್ತೆಗೆ ತಾನೇ ಬಿಟ್ಟು ಓಡಿದ ಶಾಲೆ.
ಕಿಟಕಿ ಸರಳು ಹಿಡಿದು ಅಲ್ಲಿಂದಲೇ ಕೂಗುತ್ತಾನೆ:
"ಆ ಮೂಲೆಯದ್ದು ಕೀಳಬೇಡ್ರೇ, ಇನ್ನೂ ಎಳೆಯದು!"
ಐದು ವರ್ಷ ಗದ್ದೆಗೆ ಕಾಲಿಡದವನು
ಐದನೇ ದಿನಕ್ಕೆ ಒಡೆಯನಾದ.

ನಮ್ಮೂರ ನೀರುಳ್ಳಿ ಸಿಹಿ. ಹೆಚ್ಚಿದರೆ ಕಣ್ಣುರಿಯುವುದಿಲ್ಲ.
ಅದೊಂದು ತೊಂದರೆ ಈ ಸಲ:
ಮನೆಯೊಳಗೆ ಅಳುವುದಕ್ಕೆ ನೆಪ ಸಿಗುವುದಿಲ್ಲ.

ಒಂಬತ್ತನೇ ದಿನ ಯಂಕಿ ಹರಿಕಂತ್ರ ಬಂದಳು
ಪೊಲೀಸರ ಕಣ್ಣು ತಪ್ಪಿಸಿ, ಗದ್ದೆ ಹಾಳಿ ಮೇಲೆ.
ದೋಣಿ ಇಳಿದಿರಲಿಲ್ಲ; ಬುಟ್ಟಿಯಲ್ಲಿ ಒಣ ಸೆಟ್ಲಿ.
ಇಪ್ಪತ್ತು ವರ್ಷ ಅತ್ತೆಯೊಡನೆ ಎಂಟಾಣೆಗೆ ಜಗಳಾಡಿದವಳು.
ಈಗ ನಡುವೆ ದುಡ್ಡೇ ಇಲ್ಲ.
ಜಗಳವನ್ನು ಯಾವ ತುದಿಯಿಂದ ಹಿಡಿಯಬೇಕು ತಿಳಿಯದೆ
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತರು.
ಕೊನೆಗೆ ಅತ್ತೆ ಎರಡು ಗೊಂಚಲು ಹಾಳಿ ಮೇಲಿಟ್ಟು ಹಿಂದೆ ಸರಿದಳು.
ಯಂಕಿ ಮೂರು ಸೇರು ಸುರಿದು ಹಿಂದೆ ಸರಿದಳು.
"ಒಂದು ಮುಷ್ಟಿ ಕಡಿಮೆ ಬಿತ್ತಲ್ಲೇ"
ಅಂದಳು ಅತ್ತೆ, ಮೂಗಿಗೆ ಹಿಡಿದ ಸೆರಗಿನೊಳಗಿಂದ.
ಇಬ್ಬರಿಗೂ ಜೀವ ಬಂದಂತಾಯಿತು.

ಅರ್ಧ ಕೊಳೆಯಿತು. ಕೊಳೆತದ್ದನ್ನು ತೆಂಗಿನ ಬುಡಕ್ಕೆ ಹಾಕಿದೆವು,
ಹತ್ತು ದಿನ ಮನೆಯೆಲ್ಲ ಅದೇ ವಾಸನೆ.

ಬಿಡುಗಡೆಯಾದ ದಿನ ಬೀರು ಮಿಂದು ಒಳಗೆ ಬಂದವನು
ನನ್ನ ಮುಖ ನೋಡುವ ಮೊದಲು ಒಲೆ ಮೇಲಿನ ಅಟ್ಟ ನೋಡಿದ.
"ಬೀಜಕ್ಕಿಟ್ಟಿದ್ದು ಮಾರಲಿಲ್ಲವಲ್ಲ?"
ಕೊಳ್ಳುವವರು ಎಲ್ಲಿದ್ದರು, ಅಂದೆ.
ಅದೂ ಹೌದು ಅಂತ ನಕ್ಕು, ಕೈ ಮೇಲೆತ್ತಿ
ಹೊಗೆ ಹಿಡಿದ ಗೊಂಚಲನ್ನು ಮುಟ್ಟಿ ಮುಟ್ಟಿ ಎಣಿಸಿದ.
ಕೈಯ ಸಿಕ್ಕೆ ಇನ್ನೂ ಅಳಿಸಿರಲಿಲ್ಲ.