ಝೋಬೊ

ಹರ್ಮಟಾನ್ ಧೂಳು ಝಾರಿಯಾದ ಗಾಜುಗಳ ಮೇಲೆ.
ತಲಾತುವಿಗೆ ಏಳು. ಬೆಳಗಾದರೆ ಮುಖ ಊದಿ
ಕಣ್ಣು ಬರೀ ಎರಡು ಗೀಟು.

ತಾಯಿ ಸಂತೆಯಲ್ಲಿ ಝೋಬೊ ಮಾರುವವಳು,
ಕೆಂಪು ಹೂವಿನ ಪಾನಕ.
“ಮೊದಲು ಗಂಟಲು ನೋವು. ಆಮೇಲೆ ಉಚ್ಚೆ ಕೆಂಪಾಯಿತು.
ಕದ್ದು ಕುಡಿದಳೆಂದು ಹೊಡೆದೆ.”

ರಕ್ತ ತಿರುಗಿಸುವುದು ನನ್ನ ಕೆಲಸ.
ಯಂತ್ರ ನಿಂತಿತು. ಮೇಲೆ ನಿಲ್ಲಬೇಕಾದ ತಿಳಿ
ತಿಳಿಯಾಗಿರಲಿಲ್ಲ,
ಫುಲಾನಿ ಹೆಂಗಸರು ಹಾಲಿನ ಸೋರೆಬುರುಡೆ
ತೊಳೆದು ಚೆಲ್ಲುವ ನೀರಿನಂತೆ.

ಕೊಬ್ಬು ಏರಿದೆ,
ಆಲ್ಬುಮಿನ್ ಹರಿದ ಜರಡಿಯಲ್ಲಿ ಸೋರಿದೆ.
ಚೀಟಿಯಲ್ಲಿ ಅಂಕಿ ತುಂಬಿದೆ.
ಹೊಡೆತಕ್ಕೆ ಅಲ್ಲಿ ಕಲಮಿರಲಿಲ್ಲ.

ಎಂಟನೇ ವಾರ, ಕೊಳವೆಯಲ್ಲಿ
ಒಣಹುಲ್ಲಿನ ಬಣ್ಣದ ತಿಳಿ.
ತಾಯಿ ಒಂದು ಬಾಟಲಿ ತಂದಿದ್ದಳು, ತಣ್ಣಗೆ.

ತಲಾತು ನನಗೆ ಬಗ್ಗಿಸಿಕೊಟ್ಟಳು,
ಅಮ್ಮನಿಗೂ.
ತಾನು ಮುಟ್ಟಲಿಲ್ಲ.