ನಾಲವಾರ ದಾಟಿದ ಮೇಲೆ

ಯಾರೂ ಸತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.
ಹಳಿಯ ಮೇಲೆ ಇದ್ದದ್ದು ಒಂದು ಕೌದಿ,
ಯಾರದೋ ಮನೆಯ ಹಗ್ಗದಿಂದ ಗಾಳಿಗೆ ಎದ್ದು ಬಂದದ್ದು,
ಕೆಂಪು, ಮುದುಡಿ ಕೂತ ಹೆಂಗಸಿನಷ್ಟೇ ಎತ್ತರ.
ನಸುಕಿನ ನಾಲ್ಕೂಮುಕ್ಕಾಲು. ನಾಲವಾರ ದಾಟಿ ಎರಡನೆಯ ತಿರುವು.
ಹಿಂದೆ ಐವತ್ತೆಂಟು ವ್ಯಾಗನ್, ತುಂಬ ವಾಡಿಯ ಸಿಮೆಂಟು.

ಬಲಗೈ ಬ್ರೇಕ್ ಹಾಕಿತು.
ಗಾಡಿ ನಿಲ್ಲಲಿಲ್ಲ; ಅದು ಹಾಗೆಲ್ಲ ನಿಲ್ಲುವುದಿಲ್ಲ,
ಬ್ರೇಕ್ ಬಿದ್ದ ಮೇಲೂ ಒಂದು ಕಿಲೋಮೀಟರು
ಕಿರುಚಿಕೊಂಡು ಓಡುತ್ತದೆ.

ಟಾರ್ಚ್ ಹಿಡಿದು ಹಿಂದಕ್ಕೆ ನಡೆದವನು ನಾನೇ.
ಸಿಕ್ಕದ್ದು ಚಿಂದಿ. ಒಂದು ಅಂಚು ಇನ್ನೂ ಒದ್ದೆ.
ಮೂಸಿ ನೋಡಿದೆ: ಸೋಪಿನ ವಾಸನೆ.

ವರದಿಯಲ್ಲಿ ಒಂದೇ ಸಾಲು: ಹಾನಿ ಇಲ್ಲ.
ಲಾಬಿಯಲ್ಲಿ ನಕ್ಕರು, ಕೌದಿ ಕೊಂದವ ಬಂದ ಅಂತ.
ನಾನೂ ನಕ್ಕೆ.

ಆಮೇಲೆ ಶುರುವಾಯಿತು.
ಊಟದ ತಟ್ಟೆಯ ಮುಂದೆ ಬಲಗೈ ಮುಷ್ಟಿ ಕಟ್ಟುತ್ತದೆ,
ರೊಟ್ಟಿ ಮುರಿಯಲು ಎಡಗೈ ಬೇಕು.
ಕುಕ್ಕರ್ ಕೂಗಿದರೆ ಹಲ್ಲು ಕಚ್ಚುತ್ತೇನೆ.
ನಿದ್ದೆಯಲ್ಲಿ ಹಿಮ್ಮಡಿ ಹಾಸಿಗೆಯನ್ನು ಒತ್ತಿ ಒತ್ತಿ
ಏನನ್ನೋ ನಿಲ್ಲಿಸಲು ನೋಡುತ್ತದೆ.
ಮಾಣಿಕಾ ಅಂಗಳದ ಹಗ್ಗದಿಂದ ಕೌದಿ ತೆಗೆದು
ಒಳಗೆ ಒಣಹಾಕತೊಡಗಿದಳು, ಏನೂ ಹೇಳದೆ.

ಹಿಂದಿನ ಕ್ವಾರ್ಟರ್ಸಿನ ಖುರ್ಷಿದಾ ಆಪಾ,
ರೈಲ್ವೆ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಹೆರಿಗೆ ಮಾಡಿಸಿದಾಕಿ,
ಬಂದು ನನ್ನ ಮುಖ ನೋಡಲಿಲ್ಲ, ಪಾದ ನೋಡಿದಳು.
"ಚಪ್ಪಲಿ ಬಿಡು ಮಾರ್ತಂಡ. ಫರಸಿ ಮ್ಯಾಲ ನಿಂದ್ರು."
ಶಹಾಬಾದಿ ಕಲ್ಲು, ರಾತ್ರಿಯ ತಂಪು ಇನ್ನೂ ಒಳಗಿಟ್ಟುಕೊಂಡದ್ದು.
"ಏನೂ ಆಗಿಲ್ಲ ಆಪಾ, ವರದಿ ಬಂದದ" ಅಂದೆ.
"ಮೈಗಿ ಓದ್ಲಾಕ ಬರಂಗಿಲ್ಲ ಬೇಟಾ.
ಅದಕ ಕಾಗದ ತೋರಸಬ್ಯಾಡ. ನೆಲ ತೋರಸು."

ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ,
ಜೋಳ ಕೇರುವ ಮೊರ ಅಲುಗಿದಷ್ಟು, ಅದಕ್ಕಿಂತ ಮೆಲ್ಲಗೆ.
ಬಾಗಿಲಲ್ಲಿ ನಿಂತ ಮಗಳಿಗೆ
ಅಪ್ಪ ಸುಮ್ಮನೆ ನಿಂತಂತೆ ಕಂಡಿತು.

ಹೆಗಲು ಕಿವಿಯ ತನಕ ಏರಿಸಿ, ಚೀಲ ಇಳಿಸಿದ ಹಾಗೆ ಬಿಡುವುದು.
ಉಸಿರು ಹೊರಗೆ ಹೋಗುವಾಗ ದುಂಬಿಯ ಸದ್ದು,
ಅದು ಎದೆಯ ಎಲುಬಿಗೆ ತಾಗುವ ತನಕ.
ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ಕೂಡುವುದು.
"ಮುಷ್ಟಿ ಬಿಡಸಬ್ಯಾಡ. ಹಿಡದದ, ಹಿಡೀಲಿ.
ನೀ ಅದರ ಸಂಗಾಟ ಇರು."

ಮೂರನೆಯ ದಿನ ತೊಡೆ ನಡುಗಿತು. ಹೆದರಿ ಕೂತೆ.
ಆಪಾ ನಕ್ಕಳು:
"ಹಡದ ಮ್ಯಾಲ ಹೆಣ್ಮಕ್ಕಳು ಹಿಂಗೇ ನಡಗ್ತಾರ, ಹಲ್ಲು ಕಟಕಟ.
ಹೊಸ ನರ್ಸ್ ಹುಡುಗೇರು ಅಂಜಿ ಗಟ್ಟಿ ಹಿಡೀತಿದ್ರು.
ನಾ ಅಂತಿದ್ದೆ, ಹಿಡೀಬ್ಯಾಡ್ರೆವ್ವಾ, ಬಿಡ್ರಿ,
ಕೆಲಸ ಮುಗೀತು ಅಂತ ಮೈ ತನಗ ತಾನೇ ಹೇಳ್ಕೊಳ್ಳಲತ್ತದ."

ನಡುಗಿದೆ. ಫರಸಿಯ ಮೇಲೆ ಮಲಗಿ, ಮೊಣಕಾಲು ಮಡಚಿ,
ಹಳೆಯ ಸೇತುವೆ ದಾಟುವ ಪ್ಯಾಸೆಂಜರ್ ಗಾಡಿಯ
ಕಿಟಕಿಗಳ ಹಾಗೆ. ಎಷ್ಟು ಹೊತ್ತೋ.
ಮಾಣಿಕಾ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು,
ಮುಟ್ಟಲಿಲ್ಲ.

ಪವಾಡವೇನೂ ನಡೆದಿಲ್ಲ.
ಕುಕ್ಕರ್ ಕೂಗಿದರೆ ಈಗಲೂ ಹಲ್ಲುಗಳು ಒಂದನ್ನೊಂದು ಹುಡುಕುತ್ತವೆ.
ನಿನ್ನೆ ಯಾದಗಿರಿಗೆ ಹೊರಟಾಗ, ನಾಲವಾರದ ಹತ್ತಿರ,
ಗೇಟು ಬಿತ್ತು, ಬಸ್ಸು ನಿಂತಿತು, ಗೂಡ್ಸ್ ಬಂತು.
ಚಪ್ಪಲಿಯೊಳಗೆ ಹಿಮ್ಮಡಿ ತಾನಾಗಿ ನೆಲ ಹುಡುಕಿತು.
ಹಿಮ್ಮಡಿ, ಬೆರಳು. ಬೆರಳು, ಹಿಮ್ಮಡಿ.
ವ್ಯಾಗನ್ ಎಣಿಸುತ್ತಿದ್ದೆ, ನಲವತ್ತರ ಆಸುಪಾಸು ಲೆಕ್ಕ ತಪ್ಪಿತು.
"ಚಿಲ್ಲರ ತೊಗೋರಿ" ಅಂದ ಕಂಡಕ್ಟರ್.
ಚಾಚಿದ್ದು ಬಲಗೈ. ತೆರೆದಿತ್ತು. ಏಳು ರೂಪಾಯಿ.

ನನ್ನೊಳಗಿನ ಗಾಡಿ ನಿಂತಿತು ಅನ್ನಲಾರೆ.
ಆ ಒಂದು ಕಿಲೋಮೀಟರಿನಲ್ಲಿ
ಇನ್ನೂ ನೂರು ಗಜ ಉಳಿದಿರಬಹುದು.

ಇವತ್ತು ಒದ್ದೆ ಕೌದಿ ಹೊತ್ತು ಅಂಗಳಕ್ಕೆ ನಾನೇ ಹೋದೆ.
ಹಗ್ಗಕ್ಕೆ ಹಾಕಿದೆ.
ನಾಲ್ಕು ಕ್ಲಿಪ್ಪು ಸಾಕು ಅಂದಳು ಮಾಣಿಕಾ.
ಎಂಟು ಹಾಕಿದೆ.